ಲ್ಯಾಪ್‌ಟಾಪ್ ಪ್ರೊಸೆಸರ್, ಹಳೇ ಡೆಸ್ಕ್‌ಟಾಪ್ ಬೋರ್ಡು: ಆನ್ ಆಗದಿದ್ದರೆ, ನಿಧಾನವಾದರೆ ಎಲ್ಲಿ ಹುಡುಕಬೇಕು

ಲ್ಯಾಪ್‌ಟಾಪಿನ ಪ್ರೊಸೆಸರನ್ನು ಹಳೇ ಡೆಸ್ಕ್‌ಟಾಪ್ ಬೋರ್ಡಿಗೆ ಕೂರಿಸಿ, ಪವರ್ ಬಟನ್ ಒತ್ತಿ, ಡಿಸ್‌ಪ್ಲೇ ಬರದೇ ಹೋದಾಗ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು "ಪ್ರೊಸೆಸರ್ ಹೋಗಿದೆ". ನಿಜವಾಗಿ ಹೋಗಿರುವುದು ಅಪರೂಪ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ಲ್ಯಾಪ್‌ಟಾಪ್ ಬಿಚ್ಚಿ ಮಾರುವ ಚಿಪ್ಪುಗಳಲ್ಲಿ ಬಹುಪಾಲು ಜೀವಂತವಾಗಿಯೇ ಇರುತ್ತವೆ. ಅವಕ್ಕೆ ಲ್ಯಾಪ್‌ಟಾಪ್ ಬೋರ್ಡು ಮಾಡಿಕೊಡುತ್ತಿದ್ದ ಕೆಲವು ಕೆಲಸಗಳನ್ನು ಡೆಸ್ಕ್‌ಟಾಪ್ ಬೋರ್ಡು ಮಾಡುವುದಿಲ್ಲ, ಅಷ್ಟೇ. ತೆರೆದ ಡೈ (ಚಿಪ್ಪಿನ ನಡುವಿನ ಸಿಲಿಕಾನ್ ತುಂಡು) ಮೇಲೆ, ಬಿಸಿ ಹೀರುವ ಲೋಹದ ಹೀಟ್‌ಸಿಂಕನ್ನು ಸರಿಯಾಗಿ ಒತ್ತಿ ಹಿಡಿಯುವುದು ಒಂದು. ಈಗ ಕರೆಂಟಿನಲ್ಲಿದ್ದೀಯೋ ಬ್ಯಾಟರಿಯಲ್ಲಿದ್ದೀಯೋ ಎಂದು ಚಿಪ್ಪಿಗೆ ತಿಳಿಸುವುದು ಇನ್ನೊಂದು. ಅದರ ಹೆಸರು ಬಯೋಸ್‌ಗೆ (ಬೋರ್ಡನ್ನು ಎಬ್ಬಿಸುವ ಮೂಲ ಸಾಫ್ಟ್‌ವೇರ್) ಗೊತ್ತಿರುವುದು ಮತ್ತೊಂದು. ದೋಷವನ್ನೂ ಇದೇ ಕ್ರಮದಲ್ಲಿ ಹುಡುಕಿದರೆ ಅರ್ಧ ದಿನ ಉಳಿಯುತ್ತದೆ.

ಈ ಉಸಾಬರಿ ಯಾಕೆ, ಹೊಸ ಪಿಸಿ ತಗೊಳ್ಳಬಾರದೇ ಎನ್ನುವವರು ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಕಡೆ ಒಮ್ಮೆ ಹೋಗಿ ಬರಬೇಕು. ವಿಂಡೋಸ್ ಎಕ್ಸ್‌ಪಿ, ಪಿಸಿಐ ಕಂಟ್ರೋಲ್ ಕಾರ್ಡು, ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸಿದ ಡಾಂಗಲ್, ಇವಿಷ್ಟನ್ನು ನಂಬಿಕೊಂಡು ಓಡುವ ಯಂತ್ರಗಳು ಇವತ್ತಿಗೂ ಇವೆ. ಕಂಪ್ಯೂಟರ್ ಬದಲಾಯಿಸಿದರೆ ಯಂತ್ರದ ಅರ್ಧ ಭಾಗವನ್ನೇ ಬದಲಾಯಿಸಬೇಕಾಗುತ್ತದೆ. ಅಂಥ ಕಡೆ 478 ಸಾಕೆಟ್ಟಿನ ಬೋರ್ಡಿನಲ್ಲಿ 60-70 ವ್ಯಾಟ್ ಉರಿಯುವ ಪೆಂಟಿಯಮ್ 4 ತೆಗೆದು, ಅದರದೇ ಲ್ಯಾಪ್‌ಟಾಪ್ ರೂಪವಾದ, ಹೆಚ್ಚೆಂದರೆ 35 ವ್ಯಾಟಿನ ಪೆಂಟಿಯಮ್ 4-ಎಂ ಹಾಕಿದರೆ ಫ್ಯಾನ್ ಸದ್ದು ಇಳಿಯುತ್ತದೆ, ಡಬ್ಬದೊಳಗೆ ಸೇರುವ ಧೂಳು ಕಡಿಮೆಯಾಗುತ್ತದೆ, ವಯಸ್ಸಾದ ಕೆಪಾಸಿಟರುಗಳ ಮೇಲಿನ ಹೊರೆಯೂ ತಗ್ಗುತ್ತದೆ.

ಮೊದಲು ಚಿಪ್ಪಿನ ಮೇಲಿನ ಬರಹ ಓದಿ

"478 ಪಿನ್ ಇದೆ, ಕೂತ್ಕೊಳ್ಳುತ್ತೆ" ಎನ್ನುವ ಅಂಗಡಿಯವನ ಮಾತಿಗೆ ತಲೆಯಾಡಿಸಬೇಡಿ. ಈ ವಿಷಯದಲ್ಲಿ ಅತಿ ಹೆಚ್ಚು ಪಿನ್ನು ಬಾಗಿರುವುದು ಈ ಒಂದು ಮಾತಿನಿಂದ. ಪೆಂಟಿಯಮ್ 4-ಎಂಗೆ 478 ಪಿನ್ನು, ಪೆಂಟಿಯಮ್ ಎಂಗೂ 478, ಆಮೇಲೆ ಬಂದ ಟಿ ಸರಣಿಯ ಕೋರ್ 2 ಡುಯೋಗೂ 478. ಸಂಖ್ಯೆ ಒಂದೇ, ಜೋಡಣೆ ಬೇರೆ ಬೇರೆ. ಡೆಸ್ಕ್‌ಟಾಪಿನ 478 ಸಾಕೆಟ್ಟಿಗೆ ನೇರವಾಗಿ ಇಳಿಯುವುದು ಪೆಂಟಿಯಮ್ 4 ವಂಶದ್ದು ಮಾತ್ರ.

ಗುರುತಿಸುವುದು ಸುಲಭ. ಚಿಪ್ಪಿನ ಮೇಲೆ ಆರ್‌ಎಚ್80532 ಎಂದು ಶುರುವಾಗುವ ಸಾಲಿದ್ದರೆ ಅದು ಪೆಂಟಿಯಮ್ 4-ಎಂ ಅಥವಾ ಅದೇ ಕಾಲದ ಮೊಬೈಲ್ ಸೆಲೆರಾನ್. ಇದು ನಮಗೆ ಬೇಕಾದದ್ದು. ಆರ್‌ಎಚ್80535 ಅಥವಾ ಆರ್‌ಎಚ್80536 ಇದ್ದರೆ ಪೆಂಟಿಯಮ್ ಎಂ. ಅದನ್ನು ಹಾಗೇ ಹಾಕಲು ಬರುವುದಿಲ್ಲ. 2005ರಲ್ಲಿ ಏಸಸ್ ಸಿಟಿ-479 ಎಂಬ ಅಡಾಪ್ಟರ್ ತಂದಿತ್ತು. ಅದೂ ಏಸಸ್‌ನದೇ ಆಯ್ದ 478 ಬೋರ್ಡುಗಳಿಗೆ, ಹೊಸ ಬಯೋಸ್ ಹಾಕಿಕೊಂಡ ಮೇಲೆ ಮಾತ್ರ. ಎಲ್‌ಎಫ್80537 ಕಂಡರೆ ಕೋರ್ 2 ಡುಯೋ. ಸುಮ್ಮನೆ ಕೆಳಗಿಡಿ.

ಬರಹ ಸರಿಯಿದ್ದರೆ, ಹೊಸ ಚಿಪ್ಪು ಹಾಕುವ ಮುಂಚೆ ಅದೇ ಬೋರ್ಡನ್ನು ಅದರ ಹಳೇ ಪ್ರೊಸೆಸರಿನಲ್ಲೇ ಒಮ್ಮೆ ಓಡಿಸಿ ನೋಡಿಬಿಡಿ. 2002ರಿಂದ 2005ರ ಆಸುಪಾಸಿನ ಬೋರ್ಡುಗಳಲ್ಲಿ ಕೆಪಾಸಿಟರ್ ಉಬ್ಬುವ ಪಿಡುಗು ಜಗತ್ತಿನಾದ್ಯಂತ ಇತ್ತು. ಪ್ರೊಸೆಸರ್ ಪಕ್ಕ ಸಾಲಾಗಿ ನಿಂತ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿದೆಯೇ, ಬುಡದಲ್ಲಿ ಕಂದು ಕಲೆ ಇದೆಯೇ ನೋಡಿ. ಸಿಮೋಸ್ ಸೆಲ್ (ಬಯೋಸ್ ಸೆಟ್ಟಿಂಗ್ ಉಳಿಸುವ ಗುಂಡಿ ಬ್ಯಾಟರಿ) ಬದಲಾಯಿಸಿ. ನಾಲ್ಕು ಪಿನ್ನಿನ 12 ವೋಲ್ಟ್ ಕನೆಕ್ಟರ್ ಸಿಕ್ಕಿಸಿದ್ದೀರೋ ಇಲ್ಲವೋ ನೋಡಿ. ಹಳೇ ಪ್ರೊಸೆಸರಿನಲ್ಲೇ ಕುಂಟುವ ಬೋರ್ಡಿನ ಮೇಲೆ ಪ್ರಯೋಗ ಮಾಡಿದರೆ ಯಾವ ರೋಗ ಯಾರದ್ದು ಎಂದು ಬಿಡಿಸುವುದಕ್ಕೇ ಆಗುವುದಿಲ್ಲ.

ಆನ್ ಆಗಿ ಕೆಲವೇ ಸೆಕೆಂಡಿನಲ್ಲಿ ಆಫ್ ಆದರೆ

ಇಲ್ಲಿ ಸ್ವಲ್ಪ ನಿಧಾನಿಸಿ, ಏಕೆಂದರೆ ಹತ್ತಕ್ಕೆ ಎಂಟು ಕೇಸು ಇಲ್ಲೇ ಇತ್ಯರ್ಥವಾಗುತ್ತವೆ ಎಂಬುದು ನನ್ನ ಅಂದಾಜು.

ಡೆಸ್ಕ್‌ಟಾಪ್ ಪೆಂಟಿಯಮ್ 4ರ ತಲೆಯ ಮೇಲೆ ಲೋಹದ ಮುಚ್ಚಳವಿದೆ. ಪೆಂಟಿಯಮ್ 4-ಎಂಗೆ ಅದಿಲ್ಲ. ಹಸಿರು ತಟ್ಟೆಯ ನಡುವೆ ಡೈ ಬೆತ್ತಲೆಯಾಗಿ ಕೂತಿರುತ್ತದೆ. ಮುಚ್ಚಳವಿಲ್ಲದ್ದರಿಂದ ಅದರ ಒಟ್ಟು ಎತ್ತರ ಕಡಿಮೆ. ಆದರೆ 478ರ ಕಪ್ಪು ಪ್ಲಾಸ್ಟಿಕ್ ಚೌಕಟ್ಟು, ಎರಡು ಲಿವರಿನ ಕ್ಲಿಪ್ಪು ಎರಡನ್ನೂ ಮುಚ್ಚಳವಿರುವ ಪ್ರೊಸೆಸರಿನ ಎತ್ತರಕ್ಕೆ ಲೆಕ್ಕ ಹಾಕಿ ಮಾಡಿದ್ದಾರೆ. ಲಿವರ್ ಎಳೆದಾಗ ಟಕ್ ಎಂದು ಕೂರುತ್ತದೆ, ಕೈಗೆ ಬಿಗಿಯಾಗಿಯೇ ಇದೆ ಅನಿಸುತ್ತದೆ. ಒಳಗೆ ಹೀಟ್‌ಸಿಂಕು ಡೈಗೆ ತಾಗಿರುವುದೇ ಇಲ್ಲ, ತಾಗಿದ್ದರೂ ಒಂದು ಅಂಚಿಗೆ ಮಾತ್ರ. ಬಟನ್ ಒತ್ತಿದ ಕೂಡಲೇ ಡೈ ಬಿಸಿಯೇರುತ್ತದೆ, ಸುಮಾರು 135 ಡಿಗ್ರಿ ತಲುಪಿದಾಗ ಪ್ರೊಸೆಸರೇ ಥರ್ಮ್‌ಟ್ರಿಪ್ ಸಂಕೇತ ಕೊಟ್ಟು ಬೋರ್ಡನ್ನು ಆರಿಸುತ್ತದೆ. ಹೊರಗೆ ನಿಂತವರಿಗೆ ಫ್ಯಾನ್ ತಿರುಗಿತು, ನಿಂತಿತು ಅಷ್ಟೇ ಕಾಣುವುದು. ಹೀಟ್‌ಸಿಂಕ್ ಮುಟ್ಟಿ ನೋಡಿದರೆ ತಣ್ಣಗಿರುತ್ತದೆ. ಬಹಳ ಜನ "ತಣ್ಣಗಿದೆ, ಬಿಸಿಯ ತೊಂದರೆಯಲ್ಲ" ಎಂದು ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬ) ಬದಲಾಯಿಸಲು ಹೊರಡುವುದು ಇಲ್ಲಿಯೇ. ತಣ್ಣಗಿರುವುದೇ ಸುಳಿವು. ಬಿಸಿ ಹೀಟ್‌ಸಿಂಕಿನವರೆಗೆ ಬಂದೇ ಇಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಯಾವ ಉಪಕರಣವೂ ಬೇಡ. ಪವರ್ ಕೇಬಲ್ ತೆಗೆದಿಡಿ. ಡೈ ಮತ್ತು ಹೀಟ್‌ಸಿಂಕಿನ ತಳವನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ. ಡೈ ನಡುವೆ ಸಾಸಿವೆ ಕಾಳಿನಷ್ಟು ಥರ್ಮಲ್ ಪೇಸ್ಟು ಇಟ್ಟು, ಹೀಟ್‌ಸಿಂಕ್ ಕೂರಿಸಿ, ಎರಡೂ ಲಿವರ್ ಪೂರ್ತಿ ಹಾಕಿ. ಆನ್ ಮಾಡಬೇಡಿ. ಲಿವರ್ ಬಿಚ್ಚಿ, ಹೀಟ್‌ಸಿಂಕನ್ನು ತಿರುಚದೆ ನೇರ ಮೇಲಕ್ಕೆತ್ತಿ ತಳ ನೋಡಿ. ಒಂದು ಸೆಂಟಿಮೀಟರಿಗೆ ತುಸು ಹೆಚ್ಚಿರುವ ಡೈ ಆಕಾರ ನಾಲ್ಕೂ ಮೂಲೆ ಸಮೇತ ತೆಳುವಾಗಿ ಅಚ್ಚಾಗಿದ್ದರೆ ಒತ್ತು ಸರಿಯಿದೆ. ನಡುವೆ ಒಂದು ದಪ್ಪ ಚುಕ್ಕೆ ಮಾತ್ರ ಇದ್ದು ಮೂಲೆಗಳು ಖಾಲಿ ಇದ್ದರೆ ಎತ್ತರ ಸಾಲದು. ಒಂದು ಪಕ್ಕ ಒರೆಸಿದ ಹಾಗೆ ತೆಳುವಾಗಿ, ಇನ್ನೊಂದು ಪಕ್ಕ ಗಡ್ಡೆಯಾಗಿ ನಿಂತಿದ್ದರೆ ಹೀಟ್‌ಸಿಂಕ್ ವಾಲಿದೆ.

ಎತ್ತರ ಸಾಲದಿದ್ದರೆ ತಾಮ್ರದ ಶಿಮ್ ಹಾಕಬೇಕು. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪಿಗೆ ಹಾಕಲೆಂದು ಚಿಕ್ಕ ಚೌಕ ತಾಮ್ರದ ತುಂಡುಗಳು ಬೇರೆ ಬೇರೆ ದಪ್ಪದಲ್ಲಿ ಬರುತ್ತವೆ. ಲ್ಯಾಪ್‌ಟಾಪ್ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೆ ಸಿಗುತ್ತವೆ. ಎರಡು-ಮೂರು ದಪ್ಪದವನ್ನು ತಂದಿಟ್ಟುಕೊಂಡು, ಮೇಲೆ ಹೇಳಿದ ಅಚ್ಚಿನ ಪರೀಕ್ಷೆಯನ್ನು ಪ್ರತಿಯೊಂದಕ್ಕೂ ಮಾಡಿ. ಶಿಮ್ಮಿನ ಎರಡೂ ಮುಖಕ್ಕೆ ಪೇಸ್ಟು ಬೇಕು, ಆದರೆ ತೆಳುವಾಗಿ. ಸುತ್ತ ಪುಟ್ಟ ಬಿಡಿಭಾಗಗಳಿದ್ದರೆ ತಾಮ್ರ ಅವನ್ನು ಮುಟ್ಟಬಾರದು. ಎರಡು ಶಿಮ್ ಒಂದರ ಮೇಲೊಂದು ಪೇರಿಸುವ ಚಾಳಿ ನನಗಂತೂ ಸರಿ ಕಾಣುವುದಿಲ್ಲ, ಬಿಸಿ ದಾಟಬೇಕಾದ ಗಡಿಗಳು ಸುಮ್ಮನೆ ಹೆಚ್ಚುತ್ತವೆ. ಲಿವರುಗಳನ್ನು ಒಂದಾದ ಮೇಲೊಂದು ಎಳೆಯದೆ ಎರಡನ್ನೂ ಒಟ್ಟಿಗೆ ಸ್ವಲ್ಪ ಸ್ವಲ್ಪವೇ ಒತ್ತಿ. ಇಲ್ಲದಿದ್ದರೆ ಇಡೀ ಭಾರ ಡೈನ ಒಂದೇ ಅಂಚಿಗೆ ಬಿದ್ದು ಮೂಲೆ ಚಕ್ಕೆ ಏಳುತ್ತದೆ. ಹಾಗೆ ಚಕ್ಕೆ ಎದ್ದದ್ದನ್ನು ಕೂರಿಸುವ ಪೇಸ್ಟು ಇನ್ನೂ ಬಂದಿಲ್ಲ.

ಆನ್ ಆಗಿ ಹಾಗೇ ಉಳಿದು, ಡಿಸ್‌ಪ್ಲೇ ಮಾತ್ರ ಇಲ್ಲದಿದ್ದರೆ ಕಥೆ ಬೇರೆ. ಬೂಟ್ ಎಲ್ಲಿಯವರೆಗೆ ಬಂತೆಂದು ತೋರಿಸುವ ಪಿಸಿಐ ಡೀಬಗ್ ಕಾರ್ಡ್ ಹಾಕಿ. ಎರಡಂಕಿಯ ಕೋಡು ಓಡಿ ಎಲ್ಲೋ ಒಂದು ಕಡೆ ನಿಂತರೆ ಪ್ರೊಸೆಸರ್ ಜೀವಂತವಿದೆ, ಬಯೋಸ್ ಓದುತ್ತಿದೆ ಎಂದರ್ಥ. ಆಗ ರ‍್ಯಾಮ್, ಗ್ರಾಫಿಕ್ಸ್ ಕಡೆ ಹೋಗಿ. ಶುರುವಿನಿಂದಲೂ ಎಫ್‌ಎಫ್ ಅಥವಾ 00 ಕದಲದೇ ನಿಂತಿದ್ದರೆ ಪ್ರೊಸೆಸರ್ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಪಿನ್ನು ಬಾಗಿದೆಯೇ, ಸಾಕೆಟ್ಟಿನ ಲಿವರ್ ಪೂರ್ತಿ ಇಳಿದಿದೆಯೇ ನೋಡಿ.

ಓಡುತ್ತದೆ, ಆದರೆ ಆಮೆ ವೇಗ

ಪೀಣ್ಯದ ಒಂದು ವರ್ಕ್‌ಶಾಪಿನ ಯಜಮಾನರ ಫೋನು:

"ಸಾರ್, ನೀವು ಹೇಳಿದ್ರಿ ಅಂತ ಹುಡುಗನ ಕೈಲಿ ಪ್ರೊಸೆಸರ್ ಹಾಕಿಸ್ದೆ. ಮುಂಚೆಗಿಂತ ಸ್ಲೋ ಆಗೋಯ್ತಲ್ಲ? ಇವನು ವೈರಸ್ ಇದೆ, ಫಾರ್ಮ್ಯಾಟ್ ಹೊಡೀಬೇಕು ಅಂತಾವ್ನೆ."

"ಫಾರ್ಮ್ಯಾಟ್ ಬೇಡ ತಡೀರಿ. ಸಿಪಿಯು-ಜಡ್ ಸಾಫ್ಟ್‌ವೇರ್ ತೆಗೀರಿ. ಸ್ಪೆಸಿಫಿಕೇಶನ್ ಅಂತಿರೋ ಕಡೆ ಏನಿದೆ?"

"ಮೊಬೈಲ್ ಇಂಟೆಲ್ ಪೆಂಟಿಯಮ್ 4-ಎಂ, 2.20 ಗಿಗಾಹರ್ಟ್ಸ್."

"ಕೆಳಗೆ ಕೋರ್ ಸ್ಪೀಡ್?"

"ಸಾವಿರದ ನೂರ ತೊಂಬತ್ತೇಳು ಚಿಲ್ರೆ, ಸಾರ್. ಅರ್ಧಾನೇ ಅಲ್ವಾ?"

ಮಲ್ಟಿಪ್ಲೈಯರ್ (ಬೋರ್ಡಿನ ಬಸ್ ವೇಗದ ಎಷ್ಟು ಪಟ್ಟಿನಲ್ಲಿ ಚಿಪ್ಪು ಓಡುತ್ತದೆ ಎಂಬ ಸಂಖ್ಯೆ) ಕೇಳುವ ಅಗತ್ಯವೇ ಇರಲಿಲ್ಲ. ಅದು 12 ಎಂದೇ ಇರುತ್ತದೆ.

ನಡೆಯುವುದಿಷ್ಟು. 2002ರ ಮಾರ್ಚಿನಲ್ಲಿ ಬಂದ ಪೆಂಟಿಯಮ್ 4-ಎಂಗೆ ಎರಡೇ ಗೇರು. ಕರೆಂಟಿನಲ್ಲಿದ್ದಾಗ 1.3 ವೋಲ್ಟಿನಲ್ಲಿ ಪೂರ್ತಿ ವೇಗ, ಬ್ಯಾಟರಿಯಲ್ಲಿದ್ದಾಗ 1.2 ವೋಲ್ಟಿನಲ್ಲಿ 1.2 ಗಿಗಾಹರ್ಟ್ಸ್, ಅಂದರೆ 100 ಮೆಗಾಹರ್ಟ್ಸ್ ಬಸ್ಸಿಗೆ (ಚಿಪ್ಪು ಬೋರ್ಡಿನ ಜೊತೆ ಮಾತಾಡುವ ದಾರಿ) 12 ಪಟ್ಟು. ಯಾವ ಗೇರು ಎಂದು ಹೇಳುವುದು ಲ್ಯಾಪ್‌ಟಾಪ್ ಬೋರ್ಡಿನ ಸೌತ್‌ಬ್ರಿಡ್ಜು ಎಂಬ ಚಿಪ್ಪು, ಜಿಎಚ್‌ಐ ಎಂಬ ಒಂದು ಪಿನ್ನಿನ ಮೂಲಕ. ಐಸಿಎಚ್3-ಎಂ ತರಹದ ಮೊಬೈಲ್ ಸೌತ್‌ಬ್ರಿಡ್ಜಿಗೆ ಮಾತ್ರ ಆ ಕೆಲಸ ಬರುತ್ತದೆ. ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಆ ಮಾತು ಹೇಳುವವರೇ ಇಲ್ಲ, ಹಾಗಾಗಿ ಚಿಪ್ಪು ಬ್ಯಾಟರಿ ಗೇರಿನಲ್ಲೇ ಉಳಿದುಬಿಡುತ್ತದೆ. ಸ್ಪೆಸಿಫಿಕೇಶನ್ ಸಾಲಿನಲ್ಲಿ 2.20 ಎಂದು ಕಾಣುವುದು ಚಿಪ್ಪಿನೊಳಗೆ ಬರೆದಿಟ್ಟ ಹೆಸರು ಮಾತ್ರ, ಓಡುತ್ತಿರುವ ವೇಗವಲ್ಲ. ವಿಂಡೋಸಿನ ಪವರ್ ಆಪ್ಷನ್ ಬದಲಾಯಿಸಿ, ಗೇರು ಬದಲಿಸುವ ಸ್ಪೀಡ್‌ಸ್ಟೆಪ್ ಸಾಫ್ಟ್‌ವೇರ್ ಹಾಕಿ, ಏನು ಮಾಡಿದರೂ ಕದಲುವುದಿಲ್ಲ. ಬೋರ್ಡಿನಲ್ಲಿ ತಂತಿಯೇ ಇಲ್ಲದ ಮೇಲೆ ಸಾಫ್ಟ್‌ವೇರ್ ಏನು ಮಾಡೀತು.

ದಾರಿ ಇರುವುದು ಬಸ್ಸಿನ ಕಡೆಯಿಂದ. ಮಲ್ಟಿಪ್ಲೈಯರ್ 12ರಲ್ಲೇ ಇರಲಿ, ಎಫ್‌ಎಸ್‌ಬಿ, ಅಂದರೆ ಆ ಬಸ್ಸಿನ ವೇಗ, 100ರಿಂದ 133ಕ್ಕೆ ಏರಿಸಿದರೆ 1.6 ಗಿಗಾಹರ್ಟ್ಸ್, 200ಕ್ಕೆ ಏರಿಸಿದರೆ 2.4. 2.2 ಎಂದು ಮಾರಾಟವಾದ ಚಿಪ್ಪಿಗೆ 2.4 ದೊಡ್ಡ ಏರಿಕೆಯೇನಲ್ಲ, ಹೆಚ್ಚೆಂದರೆ ವೋಲ್ಟೇಜು ತುಸು ಬೇಡಬಹುದು. 1.6 ಎಂದು ಮಾರಾಟವಾದ ಚಿಪ್ಪಿನಿಂದ ಅದನ್ನು ನಿರೀಕ್ಷಿಸಬೇಡಿ. ಬಸ್ ವೇಗ ಹೆಚ್ಚುವುದರಿಂದ ಮೆಮೊರಿಯೂ ಚುರುಕಾಗುತ್ತದೆ. ಇದಕ್ಕೆ 865ಪಿಇ ಚಿಪ್‌ಸೆಟ್ಟಿನ, ಬಯೋಸಿನಲ್ಲಿ ಎಫ್‌ಎಸ್‌ಬಿ ಬದಲಾಯಿಸಲು ಬಿಡುವ, ಎಜಿಪಿ-ಪಿಸಿಐ (ಗ್ರಾಫಿಕ್ಸ್ ಮತ್ತು ಇತರ ಕಾರ್ಡುಗಳ ಸ್ಲಾಟು) ವೇಗವನ್ನು 66-33 ಮೆಗಾಹರ್ಟ್ಸಿಗೆ ಕಟ್ಟಿಹಾಕುವ ಬೋರ್ಡು ಬೇಕು. ಪಿಸಿಐ ಕಟ್ಟಿಹಾಕದೆ ಬಸ್ ಏರಿಸಿದರೆ ಯಂತ್ರದ ಕಂಟ್ರೋಲ್ ಕಾರ್ಡು ಮತ್ತು ಹಾರ್ಡ್‌ಡಿಸ್ಕು ಎರಡೂ ಹುಚ್ಚಾಟ ಆಡುತ್ತವೆ. ನಮ್ಮಲ್ಲಿ ಆ ಕಾಲದ ಪಿಸಿಗಳಲ್ಲಿ ಹೇರಳವಾಗಿದ್ದ ಡಿ845ಜಿವಿಎಸ್‌ಆರ್ ತರಹದ ಇಂಟೆಲ್‌ನ ಸ್ವಂತ ಬೋರ್ಡುಗಳು ಹೀಗೆ ಮನಸ್ಸಿಗೆ ಬಂದಂತೆ ಎಫ್‌ಎಸ್‌ಬಿ ಏರಿಸಲು ಬಿಡುವುದಿಲ್ಲ. ಅವುಗಳಲ್ಲಿ ಪೆಂಟಿಯಮ್ 4-ಎಂ 1.2ರಲ್ಲೇ ತೆವಳುತ್ತದೆ.

ಅಂಥ ಬೋರ್ಡಿಗೆ ನನ್ನ ಸಲಹೆ ಮೊಬೈಲ್ ಸೆಲೆರಾನ್. ಹೆಸರು ಕೇಳಿದರೆ ಜನ ಮೂಗು ಮುರಿಯುತ್ತಾರೆ. ಆದರೆ ಅದಕ್ಕೆ ಸ್ಪೀಡ್‌ಸ್ಟೆಪ್ಪೇ ಇಲ್ಲ. ಒಂದೇ ಗೇರು, ಅದೇ ಪೂರ್ತಿ ವೇಗ. ಅದರ ಎಲ್2 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) 256 ಕಿಲೋಬೈಟ್, ಅದೇ ತಲೆಮಾರಿನ ಡೆಸ್ಕ್‌ಟಾಪ್ ಸೆಲೆರಾನಿಗೆ ಇದ್ದದ್ದು 128. ಯಂತ್ರ ಓಡಿಸಲು ಧಾರಾಳವಾಗಿ ಸಾಕು.

ಎಫ್‌ಎಸ್‌ಬಿ ಏರಿಸಿದ ಕೂಡಲೇ ಡಿಸ್‌ಪ್ಲೇ ಹೋದರೆ ಪ್ರೊಸೆಸರನ್ನು ಬೈಯುವ ಮುಂಚೆ ರ‍್ಯಾಮ್ ನೋಡಿ. ಬಸ್ಸಿನ ಜೊತೆ ರ‍್ಯಾಮ್ ವೇಗವೂ ಏರಿರುತ್ತದೆ. ಡಿಡಿಆರ್266 ಕಡ್ಡಿಯ ಗಡಿಯಾರ 133 ಮೆಗಾಹರ್ಟ್ಸಿನದು, 200ರಲ್ಲಿ ಓಡುವುದಿಲ್ಲ. ಸಿಮೋಸ್ ಕ್ಲಿಯರ್ ಮಾಡಿ, ಡಿಡಿಆರ್400 ಹಾಕಿ, ಇಲ್ಲವೇ ಬಯೋಸಿನಲ್ಲಿ ಮೆಮೊರಿ ಅನುಪಾತ ಇಳಿಸಿ.

ಇನ್ನೊಂದು ಬಗೆಯ ನಿಧಾನವಿದೆ, ಅದನ್ನು ಇದರ ಜೊತೆ ಕಲಸಿಕೊಳ್ಳಬಾರದು. ಶುರುವಿನಲ್ಲಿ ಚುರುಕಾಗಿದ್ದು, ಹೊತ್ತು ಕಳೆದಂತೆ ಮೌಸ್ ಜಗ್ಗಿ ಜಗ್ಗಿ ಓಡಿದರೆ ಅದು ಗೇರಿನ ತೊಂದರೆಯಲ್ಲ, ಬಿಸಿ. ಹೀಟ್‌ಸಿಂಕ್ ಅರ್ಧಂಬರ್ಧ ತಾಗಿದಾಗ ಪೆಂಟಿಯಮ್ 4 ಆರಿಹೋಗುವುದಿಲ್ಲ, ತನ್ನ ಗಡಿಯಾರವನ್ನು ನಡುನಡುವೆ ತಡೆದು ತಣ್ಣಗಾಗಲು ನೋಡುತ್ತದೆ. ಆಗಲೂ ಸಿಪಿಯು-ಜಡ್ ಹೆಚ್ಚಾಗಿ ಹಳೇ ಸಂಖ್ಯೆಯನ್ನೇ ತೋರಿಸುತ್ತಿರುತ್ತದೆ, ಅದನ್ನು ನಂಬಿ ಕೂರಬೇಡಿ. ಸೆವೆನ್-ಜಿಪ್‌ನ ಬೆಂಚ್‌ಮಾರ್ಕನ್ನು ಬಿಡದೆ ಓಡಿಸಿ. ಸುತ್ತಿನಿಂದ ಸುತ್ತಿಗೆ ಅಂಕ ಇಳಿಯುತ್ತಾ ಹೋದರೆ ಮತ್ತೆ ಶಿಮ್ಮು, ಪೇಸ್ಟಿನ ಕಡೆಗೇ ಹೋಗಿ. ಅಂಕ ಕಡಿಮೆಯಿದ್ದರೂ ಒಂದೇ ಸಮ ಇದ್ದರೆ ಅದು ಗೇರು.

ಬಯೋಸಿನ ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ವಿಕೋರ್ (ಪ್ರೊಸೆಸರಿಗೆ ಸಿಗುವ ವೋಲ್ಟೇಜು) ಎಷ್ಟಿದೆ ಎಂದೂ ನೋಡಿಕೊಳ್ಳಿ. ಚಿಪ್ಪಿನ ಹಣೆಬರಹ 1.3 ವೋಲ್ಟ್. ಬೋರ್ಡು 1.5ರ ಆಸುಪಾಸು ಕೊಡುತ್ತಿದ್ದರೆ ಚಿಪ್ಪು ಕೂಡಲೇ ಸಾಯುವುದಿಲ್ಲ, ಆದರೆ 35 ವ್ಯಾಟ್ ಎಂದು ನೀವು ಹಾಕಿಕೊಂಡ ಲೆಕ್ಕ ತಲೆಕೆಳಗಾಗುತ್ತದೆ. ಕೈಯಿಂದ ಇಳಿಸಲು ಬಯೋಸ್ ಬಿಟ್ಟರೆ ಇಳಿಸಿ.

ಎಎಂಡಿ ಸಾಕೆಟ್ ಎ ಬೋರ್ಡಾದರೆ

ಎಎಂಡಿಯ ಲ್ಯಾಪ್‌ಟಾಪ್ ಪ್ರೊಸೆಸರ್ ಅಥ್ಲಾನ್ ಎಕ್ಸ್‌ಪಿ-ಎಂ ಸಿಕ್ಕಿದವರು ಪುಣ್ಯವಂತರು. ಬಾರ್ಟನ್ ಕೋರಿನ 2500+ ಚಿಪ್ಪು 1.45 ವೋಲ್ಟು, 45 ವ್ಯಾಟು, ಮಲ್ಟಿಪ್ಲೈಯರಿಗೆ ಬೀಗವಿಲ್ಲ. ಗುರುತು: ಡೆಸ್ಕ್‌ಟಾಪ್ ಚಿಪ್ಪಿನ ಕೋಡು ಎಎಕ್ಸ್‌ಡಿ ಎಂದು ಶುರುವಾದರೆ ಇದರದ್ದು ಎಎಕ್ಸ್‌ಎಂ. ಇಲ್ಲಿ ಎತ್ತರದ ತಕರಾರಿಲ್ಲ, ಡೆಸ್ಕ್‌ಟಾಪ್ ಅಥ್ಲಾನಿಗೂ ಮುಚ್ಚಳವಿರಲಿಲ್ಲ.

ಪರದೆಯ ಮೇಲೆ "ಅನ್‌ನೋನ್ ಸಿಪಿಯು" ಎಂದು ಬಂದು 600 ಅಥವಾ 800 ಮೆಗಾಹರ್ಟ್ಸ್ ತೋರಿಸಿದರೆ ಗಾಬರಿ ಬೇಡ. ಚಿಪ್ಪು 6 ಪಟ್ಟಿನಲ್ಲಿ ಎದ್ದಿದೆ. ಬಯೋಸಿನಲ್ಲಿ ಮಲ್ಟಿಪ್ಲೈಯರನ್ನು ಕೈಯಿಂದ 14ಕ್ಕೆ, ಬಸ್ಸನ್ನು 133ಕ್ಕೆ ಇಟ್ಟರೆ ಮುಗಿಯಿತು. ಆ ಆಯ್ಕೆಯೇ ಇಲ್ಲದ ಬೋರ್ಡಿನಲ್ಲಿ ವಿಂಡೋಸ್ ಬಂದ ಮೇಲೆ ಕ್ರಿಸ್ಟಲ್‌ಸಿಪಿಯುಐಡಿ ಎಂಬ ಪುಟ್ಟ ಸಾಫ್ಟ್‌ವೇರ್‌ನಿಂದ ಏರಿಸಲು ಪ್ರಯತ್ನಿಸಬಹುದು.

ಕೆಲಸ ಜೋರಾದಾಗ ಮಾತ್ರ ರೀಸ್ಟಾರ್ಟ್ ಆದರೆ ಎಸ್‌ಎಂಪಿಎಸ್ ಕಡೆ ತಿರುಗಿ. ನಾಲ್ಕು ಪಿನ್ನಿನ 12 ವೋಲ್ಟ್ ಕನೆಕ್ಟರ್ ಇಲ್ಲದ ಸಾಕೆಟ್ ಎ ಬೋರ್ಡುಗಳು ಪ್ರೊಸೆಸರಿನ ಪವರನ್ನು ಸಾಮಾನ್ಯವಾಗಿ 5 ವೋಲ್ಟಿನಿಂದ ಎಳೆಯುತ್ತವೆ. ಇವತ್ತಿನ ಎಸ್‌ಎಂಪಿಎಸ್‌ಗಳು ಬಲವನ್ನೆಲ್ಲ 12 ವೋಲ್ಟಿಗೆ ಕೊಟ್ಟಿವೆ. ಡಬ್ಬದ ಮೇಲೆ 500 ವ್ಯಾಟ್ ಎಂದಿದ್ದರೂ 5 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ಬರೆದಿದೆ ಎಂಬುದನ್ನೇ ಓದಿ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಮೋಲೆಕ್ಸ್ ಕನೆಕ್ಟರಿನ ಕಪ್ಪು ತಂತಿಗೂ ಕೆಂಪು ಕಡ್ಡಿಯನ್ನು ಕೆಂಪು ತಂತಿಗೂ ಇಟ್ಟು ಕೆಲಸ ಕೊಟ್ಟು ನೋಡಿ. 4.75ಕ್ಕಿಂತ ಕೆಳಗೆ ಜಾರಿದರೆ ಕಳ್ಳ ಸಿಕ್ಕ. ಹೀಟ್‌ಸಿಂಕ್ ಇಲ್ಲದೆ ಅಥ್ಲಾನನ್ನು ಒಂದು ಕ್ಷಣಕ್ಕೂ ಆನ್ ಮಾಡಬೇಡಿ, ಪೆಂಟಿಯಮ್ 4ರಂತೆ ವೇಗ ತಗ್ಗಿಸಿ ತನ್ನನ್ನು ತಾನೇ ಕಾಪಾಡಿಕೊಳ್ಳುವ ವಿದ್ಯೆ ಅದಕ್ಕೆ ಬರುವುದಿಲ್ಲ.

1151 ಸಾಕೆಟ್ಟಿನ ಹೊಸ ಆಟ

ಈಗೀಗ ಚೀನಾದಿಂದ ಬೇರೆ ಬಗೆಯ ಮಾಲು ಬರುತ್ತಿದೆ. ಇಂಟೆಲ್‌ನ 2018ರ ಎಂಟನೇ ತಲೆಮಾರಿನ ಎಚ್ ಸರಣಿಯ ಚಿಪ್ಪುಗಳು ಲ್ಯಾಪ್‌ಟಾಪ್ ಬೋರ್ಡಿಗೇ ಬೆಸುಗೆ ಹಾಕುವ ಬಿಜಿಎ1440 ಮಾದರಿಯವು. ಅವನ್ನು ಒಂದು ಅಡಾಪ್ಟರ್ ತಟ್ಟೆಗೆ ಬೆಸೆದು ಡೆಸ್ಕ್‌ಟಾಪಿನ 1151 ಸಾಕೆಟ್ಟಿಗೆ ಹೊಂದಿಸಿ ಮಾರುತ್ತಾರೆ. ಹಲವಕ್ಕೆ ಕ್ಯೂನಿಂದ ಶುರುವಾಗುವ ಕೋಡು ಇರುತ್ತದೆ, ಅಂದರೆ ಮಾರುಕಟ್ಟೆಗೆ ಬರುವ ಮುಂಚಿನ ಪರೀಕ್ಷಾ ಚಿಪ್ಪು. ಅಗ್ಗ, ನಿಜ. ಆದರೆ ದುಡಿಮೆಯ ಯಂತ್ರಕ್ಕೆ ನಾನಂತೂ ಹಾಕುವುದಿಲ್ಲ.

ಇಲ್ಲಿ ಡಿಸ್‌ಪ್ಲೇ ಬರದೆ, ಕೆಲವು ಸೆಕೆಂಡಿಗೊಮ್ಮೆ ಆನ್-ಆಫ್ ಆಗುತ್ತಿದ್ದರೆ ಮೊದಲ ಅನುಮಾನ ಬಯೋಸ್ ಮೇಲೆ. ಈ ಎಂಟನೇ ತಲೆಮಾರಿನ, ಆರು ಕೋರಿನ ಕಾಫಿ ಲೇಕಿನ ಗುರುತು 906ಇಎ. 100 ಮತ್ತು 200 ಸರಣಿಯ ಬೋರ್ಡುಗಳ ಮೂಲ ಬಯೋಸಿನಲ್ಲಿರುವುದು ಹಿಂದಿನ ತಲೆಮಾರುಗಳಾದ ಸ್ಕೈಲೇಕಿನ 506ಇ3, ಕೇಬಿ ಲೇಕಿನ 906ಇ9 ಮೈಕ್ರೋಕೋಡು (ಬಯೋಸ್ ಚಿಪ್ಪಿಗೆ ತುಂಬುವ ಪುಟ್ಟ ಕೋಡು). ತನಗೆ ಹೆಸರೇ ಗೊತ್ತಿಲ್ಲದ ಚಿಪ್ಪನ್ನು ಬೋರ್ಡು ಎಬ್ಬಿಸುವುದಿಲ್ಲ. ಬಯೋಸ್ ತಿದ್ದಿ, ಸಿಎಚ್341ಎ ಎಂಬ ಯುಎಸ್‌ಬಿ ಪ್ರೋಗ್ರಾಮರಿನಿಂದ ಬೋರ್ಡಿನ ಬಯೋಸ್ ಚಿಪ್ಪಿಗೆ ಬರೆಯಬೇಕು. ಬರೆಯುವ ಮುಂಚೆ ಚಿಪ್ಪಿನಲ್ಲಿರುವುದನ್ನು ಎರಡು ಸಲ ಓದಿ, ಎರಡೂ ಫೈಲು ತದ್ವತ್ ಒಂದೇ ಇವೆಯೇ ಹೋಲಿಸಿ, ಒಂದನ್ನು ಬೇರೆ ಕಡೆ ಎತ್ತಿಡಿ. ಕಪ್ಪು ಬಣ್ಣದ ಸಿಎಚ್341ಎ ಬೋರ್ಡುಗಳು ಡೇಟಾ ಕಾಲುಗಳಲ್ಲಿ 3.3ರ ಬದಲು 5 ವೋಲ್ಟ್ ಕೊಡುವ ತೊಂದರೆ ಹೆಸರುವಾಸಿ, ಮೀಟರ್ ಇಟ್ಟು ನೋಡಿಯೇ ಕ್ಲಿಪ್ ಹಾಕಿ.

ಬೂಟ್ ಆಗಿ ಅರ್ಧ ರ‍್ಯಾಮ್ ಮಾತ್ರ ಕಂಡರೆ ಬಯೋಸ್ ಬಿಟ್ಟು ಸಾಕೆಟ್ ನೋಡಿ. ಸಾಕೆಟ್ಟಿನ ಪಿನ್ ಬಾಗಿದ್ದರೆ ಅಥವಾ ಹೀಟ್‌ಸಿಂಕಿನ ಸ್ಕ್ರೂ ಒಂದು ಕಡೆ ಹೆಚ್ಚು ಬಿಗಿಯಾಗಿದ್ದರೆ ಒಂದು ಮೆಮೊರಿ ಚಾನೆಲ್ ಹೀಗೇ ಮಾಯವಾಗುತ್ತದೆ.

ಎಲ್ಲ ಸರಿಯಾಗಿ ಡಬ್ಬ ಮುಚ್ಚುವ ಮುಂಚೆ ಒಳಗಡೆ ಒಂದು ಚೀಟಿ ಅಂಟಿಸಿ: ಯಾವ ಚಿಪ್ಪು, ಶಿಮ್ ಎಷ್ಟು ದಪ್ಪ, ಎಫ್‌ಎಸ್‌ಬಿ ಎಷ್ಟು, ಮೆಮೊರಿ ಅನುಪಾತ ಏನು. ಇವತ್ತಲ್ಲ ನಾಳೆ ಸಿಮೋಸ್ ಸೆಲ್ ಮುಗಿಯುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಬಯೋಸ್ ತನ್ನ ಮೂಲ ಸ್ಥಿತಿಗೆ ಮರಳಿ, ಎಫ್‌ಎಸ್‌ಬಿ ಮತ್ತೆ 100ಕ್ಕೆ ಇಳಿದು, ಯಂತ್ರ 1.2ರಲ್ಲಿ ಓಡಲು ಶುರುಮಾಡುತ್ತದೆ. ಆಗ ಬರುವ ಮೆಕ್ಯಾನಿಕ್ ನೀವೇ ಆಗಿರಬೇಕೆಂದೇನಿಲ್ಲ. ಚೀಟಿ ಇದ್ದರೆ ಅವನು ಫಾರ್ಮ್ಯಾಟ್ ಹೊಡೆಯುವ ಮುಂಚೆ ಸೆಲ್ ಬದಲಾಯಿಸುತ್ತಾನೆ.